ಕಡಲಿನ ಕಲ್ಲು

ಮಗ ಸಾಕಿದ್ದ ಎರಡು ಕಡಲ ಮೀನುಗಳು ಬಕೆಟ್ಟಿನಲ್ಲೇ ಉಳಿದಿದ್ದವು. ಹೊಸ ಗಾಜಿನ ತೊಟ್ಟಿ, ಕಲ್ಲು, ಮರಳು ಎಲ್ಲವನ್ನೂ ತಂದಿಟ್ಟವನು, ಜೋಡಿಸುವ ಮೊದಲೇ ತೀರಿಹೋದ. ನಿನ್ನೆ ಒಂದು ಮೀನು ಸತ್ತಿತು. ಇನ್ನೊಂದು ನೀರಿನ ಮೇಲೆ ಬಂದು ಬಾಯಿ ಬಿಡುತ್ತಿತ್ತು. ರಾಯರ ಹೆಂಡತಿ ಬಕೆಟ್ಟಿನ ಪಕ್ಕದಿಂದ ಏಳಲೊಲ್ಲರು, ಅನ್ನ ಮುಟ್ಟಲೊಲ್ಲರು.

ರಾಯರು ಸಾಕುಮೀನಿನ ಅಂಗಡಿಯವನನ್ನು ಕೈಮುಗಿದು ಕರೆತಂದರು. ಅವನೆದುರು ತೊಟ್ಟಿಯಲ್ಲಿ ಮರಳು ಹರಡಿ, ಟಬ್ಬಿನಲ್ಲಿದ್ದ ಕಲ್ಲುಗಳನ್ನು ಅದರ ಮೇಲಿಟ್ಟರು.

"ಮರಳಿನ ಮೇಲೆ ಕಲ್ಲಿಟ್ಟರೆ ನಿಲ್ತದಾ ರಾಯರೇ? ಮೀನು ಕೆದಕಿದ್ರೆ ಬಿತ್ತು. ಮೊದಲು ಗಾಜಿನ ಮೇಲೆ ಕಲ್ಲು, ಆಮೇಲೆ ಮರಳು."

ರಾಯರು ಎಲ್ಲವನ್ನೂ ತೆಗೆದು ಮತ್ತೆ ಜೋಡಿಸಿದರು. ಒಂದು ಕಲ್ಲು ಉರುಳಿತು. ದೇವರ ಹೆಸರು ಹೇಳಿ ಇನ್ನೊಮ್ಮೆ ಇಟ್ಟರು. ನಿಂತಿತು. ಅಂಗಡಿಯವನು ತಂದಿದ್ದ ಉಪ್ಪುನೀರು ತುಂಬಿದರು.

"ಈಗ ಮೀನು ಬಿಡಬಹುದೋ?"

"ಬೇರೆ ಕಲ್ಲಾದ್ರೆ ತಿಂಗಳು ಕಾಯಬೇಕಿತ್ತು. ನಿಮ್ಮ ಮಗ ತಂದದ್ದು ಜೀವ ಇರುವ ಕಲ್ಲು. ಕಣ್ಣಿಗೆ ಕಾಣದ ಹುಳಗಳು ಅದರೊಳಗೆ ಕೂತು ನೀರಿನ ವಿಷ ತೆಗೀತವೆ. ಸಿಹಿನೀರು ತಾಗಿದ್ರೆ ಮಾತ್ರ ಅವು ಉಳಿಯುವುದಿಲ್ಲ."

"ತಂದ ದಿನದಿಂದ ಉಪ್ಪುನೀರಿನ ಟಬ್ಬಿನಲ್ಲೇ ಇದ್ದವಪ್ಪ," ಎನ್ನುತ್ತ ರಾಯರು ಬಕೆಟ್ಟಿಗೆ ಕೈಹಾಕಿದರು. ಎಷ್ಟೋ ದಿನಗಳ ಮೇಲೆ ಅವರ ಮುಖದಲ್ಲಿ ಗೆಲುವು ಕಂಡಿತು.

ಹೆಂಡತಿ ಅವರ ಮುಂಗೈ ಹಿಡಿದುಕೊಂಡರು.

"ಸೂತಕ ಕಳೆದ ದಿನ ಮನೆಯ ಒಂದು ಸಾಮಾನೂ ಬಿಡದೆ ತೊಳಿ ಅಂದಿರಲ್ಲ, ಆ ಕಲ್ಲುಗಳನ್ನೂ ಬಾವಿಯ ನೀರಲ್ಲಿ ತಿಕ್ಕಿ ತೊಳೆದು ಟಬ್ಬಿಗೆ ಹಾಕಿದ್ದೆ."