ಐವತ್ತು ಮೀಟರಿನ ಬಾಂದುಕಲ್ಲು

ಬೆಳಿಗ್ಗೆ ಏಳೂವರೆಗೆ ನಯನ ಬಾಗಿಲು ತೆಗೆದಾಗ ಗಂಡ ಶಿವರಾಜು ಅರಳಿಕಟ್ಟೆಯ ಪಕ್ಕದ ಬಾಂದುಕಲ್ಲಿನ ಮೇಲೆ ಕಾಲಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಕಲ್ಲು ಅವನೇ ನೆಟ್ಟದ್ದು. ಹೆಂಡತಿಗೆ ಹೊಡೆದವನು ಮನೆ ಬಿಟ್ಟು ಹೊರಗಿರಬೇಕು, ಅವಳಿಂದ ಐವತ್ತು ಮೀಟರ್ ದೂರವಿರಬೇಕು ಎಂದು ನಂಜನಗೂಡಿನ ಕೋರ್ಟು ಆದೇಶ ಮಾಡಿ ನಾಲ್ಕು ದಿನವಾಗಿತ್ತು. ಆ ಮನೆತನಕ್ಕೆ ಕೋರ್ಟು ಹೊಸದೇನಲ್ಲ. ಮಾವ ಪುಟ್ಟಬಸವಯ್ಯ ಮೂರು ಗೇಣು ಗದ್ದೆಗಾಗಿ ಸ್ವಂತ ತಮ್ಮನ ಮೇಲೆ ಇಪ್ಪತ್ತೆರಡು ವರ್ಷ ಕೇಸು ನಡೆಸಿದವನು. ಕೋರ್ಟು ಏನಾದರೂ ಹೇಳಿತೆಂದರೆ ಅಳೆಯಬೇಕು, ಕಲ್ಲು ನೆಡಬೇಕು. ಅಪ್ಪ ಮಗ ಇಬ್ಬರಿಗೂ ಗೊತ್ತಿದ್ದ ಕಾನೂನು ಅಷ್ಟೇ. ಅಪ್ಪ ಹೊಸ್ತಿಲಿಂದ ಟೇಪು ಎಳೆದುಕೊಂಡು ಬಂದ, ಮಗ ವಿಧೇಯನಾಗಿ ದೂರದಲ್ಲೇ ಕಾದು ನಿಂತು ತುದಿ ಹಿಡಿದ. ಐವತ್ತು ಮುಗಿದಲ್ಲಿ ಗುಂಡಿ ತೋಡಿ, ಕಲ್ಲು ಹುಗಿದು, ಸುಣ್ಣ ಬಳಿದು, ಕೈ ಬಿಡುವ ಮುಂಚೆ ಮೂರು ಬೆರಳು ವಿಭೂತಿಯನ್ನೂ ಎಳೆದರು.

ಕಲ್ಲು ಬಿದ್ದ ಜಾಗ ಅವನ ಪುಣ್ಯಕ್ಕೆ ಬಸ್ಸು ನಿಲ್ಲುವ ಜಾಗಕ್ಕೆ ತಾಗಿಯೇ ಇತ್ತು. ಎಂಟರ ಬಸ್ಸಿಗೆ ನಯನ ತಾಂಡ್ಯದ ಫ್ಯಾಕ್ಟರಿಗೆ ಹೋಗಬೇಕು. ಬಿಸ್ಕತ್ತು ಪ್ಯಾಕ್ ಮಾಡುವ ಕೆಲಸ ಸಿಕ್ಕಿದೆ. ಇವತ್ತು ಸೇರದಿದ್ದರೆ ಆ ಜಾಗಕ್ಕೆ ಕಾಯುವವರು ಬೇಕಾದಷ್ಟು ಜನ. ಹೋದ ವರ್ಷ ಹೀಗೇ ಕೆಲಸಕ್ಕೆಂದು ಹೊರಟ ದಿನವೇ ಅವನು ಅವಳ ಎಡಗೈ ಮುರಿದದ್ದು.

ಆ ಮನೆಯ ಸೊಸೆಯರು ಗಂಡಸರು ಕೂತ ಕಟ್ಟೆಯ ಮುಂದೆ ಹಾಯುವ ಹಾಗಿರಲಿಲ್ಲ. ಅತ್ತೆ ಗುರುಬಸಮ್ಮ ನಲವತ್ತು ವರ್ಷ ಹಿತ್ತಲ ಓಣಿಯಲ್ಲಿ ಸುತ್ತಿ ಬಂದು, ಹಾಲಿನ ಡೈರಿಯ ಗೋಡೆ ಮರೆಯಲ್ಲಿ ನಿಂತು, ಬಸ್ಸು ಬಂದ ಮೇಲೆ ಓಡಿ ಹತ್ತಿದವಳು. ಇವತ್ತೂ ಹಿತ್ತಲಿಂದಲೇ ಹೋಗು ಎಂದು ಸೊಸೆಗೆ ಎರಡು ಸಲ ಹೇಳಿದ್ದಳು. ಸೊಸೆ ತಲೆಯಾಡಿಸಿ ಮುಂಬಾಗಿಲಿಗೆ ಬಂದು ನಿಂತಿದ್ದಳು.

“ಯಾಕೆ ನಿಂತ್ಬುಟ್ಟೆ, ಬಾ,” ಶಿವರಾಜು ಅಲ್ಲಿಂದಲೇ ಕೂಗಿದ. “ಕಲ್ಲಿಂದ ಆಚೆಗೆ ನಿನ್ ಕೋರ್ಟು. ಈಚೆಗೆ ನಂದು.”

ಕಟ್ಟೆಯ ಮೇಲೆ ಇಸ್ಪೀಟು ಆಡುತ್ತಿದ್ದವರು ನಕ್ಕರು. ಕಲ್ಲಿನ ಸುದ್ದಿ ಕೇಳಿ ನಿನ್ನೆ ಫೋನಿನಲ್ಲಿ ಸರ್ವಮಂಗಳಾ ಮೇಡಮ್ಮೂ ನಕ್ಕಿದ್ದರು. ನಯನಳ ಅರ್ಜಿ ಬರೆದು ಕೋರ್ಟಿಗೆ ಹಾಕಿಸಿದ ಸಂರಕ್ಷಣಾಧಿಕಾರಿ ಆಕೆ. ನಗು ನಿಂತ ಮೇಲೆ ಎರಡೇ ಮಾತು ಹೇಳಿದ್ದರು. ಆ ಎರಡು ಮಾತು ಈಗ ನಯನಳ ನಾಲಿಗೆಯ ತುದಿಯಲ್ಲೇ ಇದ್ದವು. ಅವಳು ಒಂದು ಮೆಟ್ಟಿಲು ಇಳಿದಳು.

“ಅಳತೆ ಹೊಸ್ತಿಲಿಂದಲ್ಲ, ನನ್ನಿಂದ,” ಅಂದಳು. “ಎರಡನೇ ಪುಟ ಓದುಸ್ಕೊಳ್ಳಿ. ಕಲ್ಲು ನೆಡಬೇಕಾಗಿದ್ದು ನನ್ ನೆತ್ತಿ ಮೇಲೆ.”

ಆದೇಶದ ಪ್ರತಿ ಶಿವರಾಜುವಿನ ಅಂಗಿ ಜೇಬಿನಲ್ಲೇ ಇತ್ತು; ನಾಲ್ಕು ದಿನದಿಂದ ಅದನ್ನು ಮದುವೆ ಕಾಗದದ ಹಾಗೆ ಊರಿಗೆಲ್ಲ ತೋರಿಸಿದ್ದ. ಕಿಸಕ್ಕನೆ ನಕ್ಕು ಅದನ್ನು ಟೀ ಅಂಗಡಿಯ ನಾಗೇಂದ್ರನ ಕಡೆ ಎಸೆದ. ನಾಗೇಂದ್ರ ಕೈ ಒರೆಸಿಕೊಂಡು, ಕನ್ನಡಕ ಏರಿಸಿಕೊಂಡು, ತುಟಿ ಅಲ್ಲಾಡಿಸುತ್ತ ಓದಿದ. ಆಮೇಲೆ ತಲೆಯೆತ್ತಿ ಗಂಡ ಹೆಂಡತಿಯ ನಡುವಿನ ಬೀದಿಯನ್ನು ಕಣ್ಣಲ್ಲೇ ಅಳೆದ.

“ದಿಟ ಕಣ್ಲಾ. ಆಯಮ್ಮ ಎಲ್ಲಿರ್ತದೋ ಅಲ್ಲಿಂದವೇ ಐವತ್ತು. ಮೀರುದ್ರೆ ಒಂದೊರ್ಸದ ಗಂಟ ಜೈಲು ಅಂತ ಬರೆದವ್ರೆ.”

ಇಸ್ಪೀಟಿನವರು ಎಲೆ ಒಟ್ಟುಮಾಡಿಕೊಂಡು ದೂರ ಸರಿದರು, ಶಿಕ್ಷೆ ತಮಗೂ ತಗಲುತ್ತದೇನೋ ಅನ್ನುವ ಹಾಗೆ. ಶಿವರಾಜು ಎದ್ದು ಒಂದು ಹೆಜ್ಜೆ ಮುಂದಿಟ್ಟ. ನಯನಳ ಬಲಗೈ ತಾನಾಗಿ ಹೋಗಿ ಎಡಗೈಯನ್ನು ಹಿಡಿದುಕೊಂಡಿತು. ಆದರೂ ಕಾಲು ನಿಲ್ಲಲಿಲ್ಲ. ಇನ್ನೊಂದು ಮೆಟ್ಟಿಲು, ಆಮೇಲೆ ಬೀದಿ. ಊರೆಲ್ಲ ನೋಡುತ್ತಿತ್ತು. ಶಿವರಾಜು ನಾಗೇಂದ್ರನ ಕೈಯಲ್ಲಿದ್ದ ಕಾಗದ ನೋಡಿದ, ಅವಳನ್ನು ನೋಡಿದ, ಮುಂದಿಟ್ಟ ಹೆಜ್ಜೆಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ. ಅವಳು ಹತ್ತು ಹೆಜ್ಜೆ ನಡೆದರೆ ಅವನು ಹತ್ತು ಹೆಜ್ಜೆ ಹಿಂದೆ. ಅವಳು ಕಟ್ಟೆಯ ಹತ್ತಿರ ಬರುವಷ್ಟರಲ್ಲಿ ಅವನು ಬಸ್‌ಸ್ಟಾಪು ದಾಟಿದ್ದ, ಡೈರಿ ದಾಟಿದ್ದ. ಅವಳು ಬಸ್‌ಸ್ಟಾಪಿನಲ್ಲಿ ನಿಂತಾಗ ದಾರಿಯೇ ಮುಗಿದುಹೋಗಿ, ನಿನ್ನೆ ಮೊನ್ನೆ ನಾಟಿಯಾಗಿದ್ದ ಗದ್ದೆಗೆ ಇಳಿದು ಮೊಣಕಾಲುದ್ದ ಕೆಸರಿನಲ್ಲಿ ನಿಂತ. ಅದು ಅಪ್ಪ ಇಪ್ಪತ್ತೆರಡು ವರ್ಷ ಕಾದಾಡಿದ ಚಿಕ್ಕಪ್ಪನ ಗದ್ದೆ.

ಅಷ್ಟರಲ್ಲಿ ಸೊಸೆ ಮರೆತುಬಂದಿದ್ದ ಊಟದ ಡಬ್ಬಿ ಹಿಡಿದು ಗುರುಬಸಮ್ಮ ಬಂದಳು. ನಡುಬೀದಿಯಲ್ಲೇ ಬಂದಳು. ಡಬ್ಬಿಯನ್ನು ನಯನಳ ಕೈಗಿಟ್ಟು, ಖಾಲಿ ಕಟ್ಟೆಯನ್ನು ಒಂದು ಗಳಿಗೆ ನೋಡಿ, ಸೆರಗಿನಿಂದ ಬಾಂದುಕಲ್ಲನ್ನು ಒರೆಸಿ ಅದರ ಮೇಲೆ ಕೂತಳು. ಮನೆಯ ಜಗಲಿಯಿಂದ ಪುಟ್ಟಬಸವಯ್ಯನ ದನಿ ಬಂತು. ಯಾರ ಅಪ್ಪಣೆ ಕೇಳಿ ಬೀದಿಗೆ ಇಳಿದೆ ಎಂದು ಬೈಯುತ್ತ ಅವನು ಗೋಡೆಗೆ ಒರಗಿಸಿದ್ದ ಬೆತ್ತಕ್ಕೆ ಕೈ ಹಾಕಿದ್ದ.

ದೂರದ ತಿರುವಿನಲ್ಲಿ ಬಸ್ಸು ಕಂಡಿತು. ಗುರುಬಸಮ್ಮ ಏಳಲಿಲ್ಲ, ಗಂಡನ ಕಡೆ ತಿರುಗಲೂ ಇಲ್ಲ. ಸೊಸೆಯ ಸೆರಗು ಹಿಡಿದು ಮೆಲ್ಲಗೆ ಕೇಳಿದಳು:

“ಐವತ್ತೂ ನಿಂಗೇ ಬೇಕಾ ಮಗ? ನಂಗೊಂದತ್ತು ಮೀಟ್ರು ಕೊಡುಸ್ತಾರಾ ಕೇಳು, ಸಾಕು.”