ಹಿತ್ತಾಳೆಗೆ ಕಬ್ಬಿಣ

ಬಾತ್‌ರೂಮಿನ ಟೈಲ್ಸ್ ಒಡೆದು ಗೋಡೆಯೊಳಕ್ಕೆ ಕೈ ತೂರಿಸಿದ ಮೊಯಿನುದ್ದೀನ್‌ಗೆ ಬೆರಳು ತಗುಲಿದೊಡನೆ ಗೊತ್ತಾಯಿತು. ಪ್ಲಾಸ್ಟಿಕ್ ಪೈಪು ಗಟ್ಟಿಯಾಗಿಯೇ ಇತ್ತು. ಅದರ ತುದಿಯ ಹಿತ್ತಾಳೆ ಥ್ರೆಡ್ಡಿಗೆ ಸೇರಿಸಿದ್ದ ಕಬ್ಬಿಣದ ತುಂಡು ಮಾತ್ರ ಚಹಾದಲ್ಲಿ ನೆನೆದ ಬಿಸ್ಕತ್ತಿನಂತೆ ಅಂಗೈಗೆ ಉದುರಿತು.

ಹಿತ್ತಾಳೆಗೆ ಹಿತ್ತಾಳೆಯನ್ನೇ ಕೂಡಿಸಬೇಕು. ಕಬ್ಬಿಣ ಕೂಡಿಸಿದರೆ ನೀರು ಬಿಟ್ಟ ದಿನದಿಂದಲೇ ತುಕ್ಕು ಅದನ್ನು ತಿನ್ನತೊಡಗುತ್ತದೆ. ಮೂವತ್ತು ವರ್ಷ ಪ್ಲಂಬಿಂಗ್ ಮಾಡಿದವನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ನಾಲ್ಕು ವರ್ಷದ ಹಿಂದೆ ಅಲ್ಲಾಳಸಂದ್ರದ ಈ ಕಟ್ಟಡದ ಗೃಹಪ್ರವೇಶಕ್ಕೆ ಮೂರೇ ದಿನ ಇತ್ತು. ಹಿತ್ತಾಳೆಯ ತುಂಡು ಅಂಗಡಿಯಲ್ಲಿ ಮುಗಿದಿತ್ತು. ಚೀಲದಲ್ಲಿದ್ದ ಕಬ್ಬಿಣದ ತುಂಡುಗಳನ್ನೇ ತಿರುಗಿಸಿ, ಸಿಮೆಂಟು ಮೆತ್ತಿ, ಟೈಲ್ಸ್ ಮುಚ್ಚಿಸಿದ್ದ. ಒಂದರಲ್ಲಲ್ಲ, ಹನ್ನೆರಡು ಮನೆಯ ಬಾತ್‌ರೂಮಿನಲ್ಲೂ.

ಬೆನ್ನ ಹಿಂದೆ ಕಟ್ಟಡದ ಒಡತಿ ಲಕ್ಷ್ಮಿದೇವಮ್ಮ ಉಜೈರ್‌ನನ್ನು ಬೈಯುತ್ತಲೇ ಇದ್ದರು. ಉಜೈರ್ ಹಿಂದೊಮ್ಮೆ ಮೊಯಿನುದ್ದೀನ್‌ನ ಬಳಿಯೇ ಕೆಲಸ ಕಲಿತವನು. ಈಗ ಇಬ್ಬರು ಮಕ್ಕಳ ತಂದೆ, ಸ್ವಂತ ಕೆಲಸ. ಹೋದ ತಿಂಗಳು ಇಲ್ಲಿ ಹೊಸ ಗೀಸರ್ ಕೂರಿಸಿದ್ದು ಅವನೇ. ಈಗ ಕೆಳಮನೆಯಲ್ಲಿ ಬಾಣಂತಿ ಮಲಗುವ ಕೋಣೆಗೆ ಮೇಲಿನಿಂದ ನೀರು ತೊಟ್ಟಿಕ್ಕುತ್ತಿತ್ತು; ಅದನ್ನು ನೋಡಲೆಂದೇ ಮೊಯಿನುದ್ದೀನ್‌ನನ್ನು ಕರೆಸಿದ್ದರು.

“ಎಂಗ್ ತಿರುಗ್ಸಿದ್ನೋ ಏನೋ, ಒಳಗಿನ್ ಪೈಪೇ ಒಡೆದಾಕವ್ನೆ! ಇನ್ಮೇಲೆ ಈ ಬೀದೀಲಿ ಯಾರೂ ಇವನ್ನ ಕರೀಬಾರ್ದು, ಅಂಗ್ ಮಾಡ್ತೀನಿ ನೋಡ್ತಿರಿ. ಏನ್ ಸಾಬ್ರೇ?”

ಮೊಯಿನುದ್ದೀನ್ ಟಾರ್ಚು ಆರಿಸಿದ, ಮತ್ತೆ ಹಚ್ಚಿದ. ಉಳಿಯನ್ನು ಎಡಕ್ಕಿಟ್ಟು, ಪುನಃ ಎತ್ತಿ ಬಲಕ್ಕಿಟ್ಟ. ಇದೊಂದನ್ನು ಬದಲಿಸಿ ಗೋಡೆ ಮುಚ್ಚಿಬಿಟ್ಟರೆ ಕೇಳುವವರಾರು? ಆದರೆ ಪಕ್ಕದ ಗೋಡೆ? ಅದರ ಮೇಲಿನದು? ನಲ್ಲಿ ಎಲ್ಲ ಬಂದ್ ಇದ್ದರೂ ಅವನ ಕಿವಿಗೆ ಕಟ್ಟಡವಿಡೀ ಜಿನುಗಿದಂತೆ ಕೇಳಿಸುತ್ತಿತ್ತು. ಲಕ್ಷ್ಮಿದೇವಮ್ಮನ ಬೈಗುಳ ನಿಲ್ಲಲಿಲ್ಲ. ಅವನು ಅಂಗೈಯ ತುಕ್ಕಿನ ಪುಡಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ.

ಬಾಗಿಲಲ್ಲಿ ನಿಂತಿದ್ದ ಉಜೈರ್ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಒಳಗೆ ಇಣುಕಿದ. ಥ್ರೆಡ್ಡಿನ ಮೇಲೆ, ನೀರು ಸೋರದಂತೆ, ಸಣಬಿನ ನಾರನ್ನು ಹಾಗೆ ಒತ್ತೊತ್ತಾಗಿ ಸುತ್ತುವ ಕೈ ಯಾರದೆಂದು ಅವನಿಗೆ ತಿಳಿಯದೆ? ಉಸ್ತಾದನ ಮುಖವನ್ನು ಒಮ್ಮೆ ನೋಡಿ ಎದ್ದು ನಿಂತ.

“ನಂದೇ ತಪ್ಪು ಅಮ್ಮಾ. ಜಾಸ್ತಿ ಟೈಟ್ ಮಾಡ್ಬಿಟ್ಟೆ,” ಎಂದ.

ಮೊಯಿನುದ್ದೀನ್‌ಗೆ ಇನ್ನು ಕೂತಲ್ಲಿ ಕೂರಲಾಗಲಿಲ್ಲ. “ಇಲ್ಲಮ್ಮ,” ಎಂದು ಅಂಗೈ ಬಿಚ್ಚುತ್ತ ಎದ್ದ. “ಅವನು ಮುಟ್ಟಿದ್ದು ಹೊರಗಿನ ಪೈಪು. ಇದು ಗೋಡೆ ಒಳಗಿಂದು, ನಾನ್ ಹಾಕಿದ್ದು. ಹನ್ನೆರಡು ಮನೇಲೂ ಇದನ್ನೇ ಹಾಕಿದೀನಿ. ಎಲ್ಲಾ ಒಡೀಬೇಕು. ನಾನೇ ಮಾಡ್ಕೊಡ್ತೀನಿ.”

ಲಕ್ಷ್ಮಿದೇವಮ್ಮ ಅವನ ಅಂಗೈಯಲ್ಲಿದ್ದ ಕೆಂಪು ಪುಡಿಯನ್ನು ನೋಡಿದರು. ಆಮೇಲೆ ತಲೆ ತಗ್ಗಿಸಿ ನಿಂತಿದ್ದ ಉಜೈರ್‌ನನ್ನು ನೋಡಿದರು.

“ಗೋಡೆ ಒಡೀರಿ ಸಾಬ್ರೇ, ಅದಿರ್ಲಿ,” ಎಂದರು ಮೆಲ್ಲಗೆ. “ನಾನು ಇವನ್ನ ಅಷ್ಟೊತ್ತಿಂದ ಬೈತಿದ್ನಲ್ಲ, ಆವಾಗ್ಲೇ ಗೊತ್ತಿತ್ತಾ ನಿಮ್ಗೆ?”