ಹುಷಾರಿಲ್ಲದ ಅಮ್ಮ

"ಅಮ್ಮನಿಗೆ ಹುಷಾರಿಲ್ಲ ಸಾರ್, ಆಸ್ಪತ್ರೆಗೆ ಸೇರಿಸಿದ್ದೀನಿ. ಇನ್ನೊಂದು ವಾರ ತಡ್ಕೊಳ್ಳಿ," ಎಂದು ಫೋನಿನಲ್ಲಿ ಹೇಳುತ್ತಲೇ ಮಗ ತಿರುಗಿದ. ಅರ್ಧ ಬಣ್ಣ ಬಳಿದಿದ್ದ ಬಾಗಿಲಲ್ಲಿ ಅಮ್ಮ ನಿಂತಿದ್ದಳು, ಗಾರೆಯವನಿಗೆಂದು ತಂದ ಚಹಾದ ಲೋಟ ಹಿಡಿದುಕೊಂಡು.

ಆ ಕಡೆ ಇದ್ದವನು ಟೈಲ್ಸ್ ಅಂಗಡಿಯ ಮಾಲೀಕ. ಅಮ್ಮ ಜಾರಿ ಬೀಳಬಾರದೆಂದು ಬಚ್ಚಲುಮನೆಯೊಂದನ್ನು ಸರಿಮಾಡಿಸಲು ಹೊರಟ ಮಗ, ಅಡುಗೆಮನೆಯೂ ಆಗಲಿ, ಹಜಾರವೂ ಆಗಲಿ ಎಂದು ಕೆಲಸ ಬೆಳೆಸಿಕೊಂಡು ಹೋಗಿದ್ದ. ಎಲ್ಲವೂ ಸಾಲದ ಮೇಲೆ. ಅಮ್ಮ ಕೇಳಿದಾಗಲೆಲ್ಲ, "ದುಡ್ಡಿನ ಚಿಂತೆ ನಿಂಗ್ಯಾಕಮ್ಮ?" ಎಂದು ಬಾಯಿ ಮುಚ್ಚಿಸುತ್ತ ಬಂದಿದ್ದ.

"ಹೋದ ತಿಂಗಳು ಹೆಂಡತಿಗೆ ಜ್ವರ ಅಂದ್ರಿ, ಈಗ ಅಮ್ಮ. ಎಲ್ಲಿ, ಅವರ ಕೈಗೇ ಫೋನ್ ಕೊಡಿ ನೋಡೋಣ," ಎಂದ ಅಂಗಡಿಯವನ ದನಿ ಬಾಗಿಲತನಕ ಕೇಳಿಸಿತು. ಅಮ್ಮ ಲೋಟವನ್ನು ಸಿಮೆಂಟ್ ಚೀಲದ ಮೇಲಿಟ್ಟು, ಮಗನ ಮುಖ ನೋಡದೆ ಕೈ ಚಾಚಿ ಫೋನ್ ತೆಗೆದುಕೊಂಡಳು. ಬಸ್ಸಿನಲ್ಲಿ ಅರ್ಧ ಟಿಕೆಟ್ಟಿನ ಆಸೆಗೂ ಮಗನ ವಯಸ್ಸನ್ನು ಕಡಿಮೆ ಹೇಳದಿದ್ದವಳು ಅವಳು. "ಹೌದಪ್ಪ... ಎದ್ದು ಕೂರೋಕೂ ಆಗ್ತಿಲ್ಲ ನಂಗೆ," ಎಂದಳು, ದನಿ ನಡುಗಿಸಿ. ಕೆಮ್ಮಲೂ ನೋಡಿದಳು. ಕೆಮ್ಮು ಸರಿಯಾಗಿ ಬರಲಿಲ್ಲ, ಇನ್ನೊಮ್ಮೆ ಕೆಮ್ಮಿದಳು.

ಅವನಿಂದ ನೋಡಲಾಗಲಿಲ್ಲ. ಅವಳ ಕೈಯಿಂದ ಫೋನ್ ಕಿತ್ತುಕೊಂಡ.

"ಸಾರ್, ಅಮ್ಮ ಚೆನ್ನಾಗಿದ್ದಾರೆ," ಎಂದ. "ಸುಳ್ಳು ಹೇಳಿದ್ದು ನಾನು. ನನ್ನ ಹತ್ರ ದುಡ್ಡಿಲ್ಲ."